ಒಂದೇ ವರ್ಷ ಹುಟ್ಟಿದ ನಾಲ್ವರು, ರಾಜ ಮಾತ್ರ ಒಬ್ಬ

2022ರ ಅಕ್ಟೋಬರ್ 9ರಂದು ಟೋಕಿಯೊದ ನ್ಯಾಷನಲ್ ಸ್ಟೇಡಿಯಂನಲ್ಲಿ ಒಂದು ಫುಟ್‌ಬಾಲ್ ಪಂದ್ಯ ನಡೆಯಿತು. ದೊಡ್ಡ ಪಂದ್ಯವೇನಲ್ಲ. ಅದು ಜೆಎಫ್‌ಎಲ್, ಅಂದರೆ ಜಪಾನಿನ ನಾಲ್ಕನೇ ಹಂತದ ಲೀಗ್. ಅಲ್ಲಿನ ಪಂದ್ಯಗಳಿಗೆ ಸಾವಿರ, ಎರಡು ಸಾವಿರ ಜನ ಸೇರಿದರೆ ಅದೇ ಜಾಸ್ತಿ. ಅವತ್ತು ಬಂದವರು 16,218 ಜನ. ಆ ಲೀಗಿಗೆ ಅದು ದಾಖಲೆ. ಬಂದವರಲ್ಲಿ ಎಷ್ಟೋ ಜನರಿಗೆ ಎರಡೂ ತಂಡಗಳ ಹೆಸರು ಸರಿಯಾಗಿ ಗೊತ್ತಿರಲಿಕ್ಕಿಲ್ಲ. ಅವರಿಗೆ ನೋಡಬೇಕಾಗಿದ್ದದ್ದು ಸುಜುಕಾ ತಂಡದ ಒಬ್ಬ ಫಾರ್ವರ್ಡ್‌ನನ್ನು. ವಯಸ್ಸು 55. ಹೆಸರು ಕಜುಯೋಶಿ ಮಿಯುರಾ. ಜಪಾನಿನಲ್ಲಿ ಎಲ್ಲರೂ ಕರೆಯುವುದು ‘ಕಿಂಗ್ ಕಜು’ ಅಂತ.

ಇದು ನಾಲ್ಕು ವರ್ಷದ ಹಿಂದಿನ ಮಾತು. ಕಜು ಇನ್ನೂ ನಿಂತಿಲ್ಲ. 58ನೇ ವಯಸ್ಸಿನಲ್ಲೂ ಕಣಕ್ಕಿಳಿದರು. 2026ರ ಋತುವಿಗೆ ಮೂರನೇ ಹಂತದ ಫುಕುಶಿಮಾ ಯುನೈಟೆಡ್ ಸೇರಿಕೊಂಡರು. ಪ್ರತಿ ಸಲ ಹೊಸ ತಂಡ ಸೇರಿದಾಗಲೂ ಅದೇ ಸುದ್ದಿ, ಅದೇ ಕ್ಯಾಮೆರಾ, ಅದೇ ಪ್ರಶ್ನೆ: ಈ ಮನುಷ್ಯನಿಗೆ ಯಾಕೆ ಇಷ್ಟೊಂದು ಜನ?

‘ಮುದುಕ ಆಡುತ್ತಿದ್ದಾನೆ, ಅದಕ್ಕೇ’ ಅನ್ನುವುದು ಸುಲಭದ ಉತ್ತರ. ಅದು ಅರ್ಧ ಮಾತ್ರ ಸರಿ. ಇನ್ನರ್ಧ ಬೇಕಾದರೆ ಕಜು ಅವರ ವಾರಿಗೆಯವರನ್ನು ನೋಡಬೇಕು.

ಜಪಾನ್ ಫುಟ್‌ಬಾಲಿಗೆ 1967 ಒಂದು ವಿಚಿತ್ರ ವರ್ಷ. ಫೆಬ್ರವರಿಯಲ್ಲಿ ಶಿಜುವೊಕಾ ನಗರದಲ್ಲಿ ಕಜು ಹುಟ್ಟಿದರು. ಸೆಪ್ಟೆಂಬರಿನಲ್ಲಿ ಅದೇ ಶಿಜುವೊಕಾ ಪ್ರಾಂತ್ಯದಲ್ಲಿ ಮಸಾಶಿ ನಕಯಾಮಾ ಹುಟ್ಟಿದರು, ಅದೇ ತಿಂಗಳು ಮಸಾಮಿ ಇಹಾರಾ ಕೂಡ. ನವೆಂಬರಿನಲ್ಲಿ ತಕುಯಾ ತಕಾಗಿ. ನಾಲ್ವರೂ ರಾಷ್ಟ್ರೀಯ ತಂಡಕ್ಕೆ ಒಟ್ಟಿಗೆ ಆಡಿದರು. ಮೂವರು ಗೋಲು ಹೊಡೆಯುವವರು, ಇಹಾರಾ ತಡೆಯುವವರು.

ಈಗ ಲೆಕ್ಕ ಹಾಕೋಣ. ಇಹಾರಾ ಜಪಾನ್ ಪರ 122 ಪಂದ್ಯ ಆಡಿದರು. ಬಹಳ ವರ್ಷ ಅದೇ ದಾಖಲೆಯಾಗಿತ್ತು. ‘ಏಷ್ಯಾದ ಗೋಡೆ’ ಅಂತ ಹೆಸರು. 1995ರಲ್ಲಿ ಏಷ್ಯಾದ ಶ್ರೇಷ್ಠ ಆಟಗಾರ. ಜಪಾನ್ ಮೊದಲ ಸಲ ವಿಶ್ವಕಪ್‌ಗೆ ಹೋದಾಗ ನಾಯಕ. ನಕಯಾಮಾ ಜಪಾನಿನ ವೃತ್ತಿಪರ ಲೀಗಾದ ಜೆ-ಲೀಗಿನ ಮೊದಲ ಹಂತದಲ್ಲಿ 157 ಗೋಲು ಹೊಡೆದರು. ಕಜು ಹೊಡೆದದ್ದು 139. ನಕಯಾಮಾ 1998ರಲ್ಲಿ 27 ಪಂದ್ಯಗಳಲ್ಲಿ 36 ಗೋಲು ಹೊಡೆದರು, ಅದರಲ್ಲೂ ಸತತ ನಾಲ್ಕು ಪಂದ್ಯಗಳಲ್ಲಿ ಹ್ಯಾಟ್ರಿಕ್, ಅಂದರೆ ಒಂದೇ ಪಂದ್ಯದಲ್ಲಿ ಮೂರು ಗೋಲು. ವಿಶ್ವಕಪ್‌ನಲ್ಲಿ ಜಪಾನಿನ ಮೊಟ್ಟಮೊದಲ ಗೋಲು ಕೂಡ ಅವರದ್ದೇ. ಎರಡು ವಿಶ್ವಕಪ್ ಆಡಿದರು.

ಕಜು ಎಷ್ಟು ವಿಶ್ವಕಪ್ ಆಡಿದರು? ಒಂದೂ ಇಲ್ಲ.

ಹಾಗಂತ ಕಜು ಸಾಧಾರಣ ಆಟಗಾರ ಅಂದುಕೊಳ್ಳಬೇಡಿ. 89 ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 55 ಗೋಲು ಸುಮ್ನೆ ಬರುವುದಿಲ್ಲ. ಜಪಾನಿನ ಪುರುಷರ ತಂಡದಲ್ಲಿ ಅದಕ್ಕಿಂತ ಹೆಚ್ಚು ಹೊಡೆದವರು ಕುನಿಶಿಗೆ ಕಮಾಮೊಟೊ ಒಬ್ಬರೇ. ಆದರೆ ಬರೀ ಅಂಕಿ ಹಿಡಿದು ನೋಡಿದರೆ ಈ ನಾಲ್ವರ ನಡುವೆ ರಾಜ–ಪ್ರಜೆ ಅನ್ನುವಷ್ಟು ಅಂತರ ಇಲ್ಲ. ಅಂತರ ಹುಟ್ಟಿದ್ದು ಬೇರೆ ಕಡೆ.

ಮೊದಲನೆಯದು, ಬಾಗಿಲು ತೆಗೆದ ಹೊತ್ತಿಗೆ ಯಾರು ಹೊಸ್ತಿಲ ಮೇಲೆ ನಿಂತಿದ್ದರು ಅನ್ನುವುದು. ಕಜು 1982ರಲ್ಲಿ, 15ನೇ ವಯಸ್ಸಿಗೆ, ಹೈಸ್ಕೂಲು ಬಿಟ್ಟು ಒಬ್ಬರೇ ಬ್ರೆಜಿಲ್‌ಗೆ ಹೋದರು. ಆಗ ಜಪಾನಿನಲ್ಲಿ ವೃತ್ತಿಪರ ಲೀಗೇ ಇರಲಿಲ್ಲ. ಫುಟ್‌ಬಾಲ್ ಅಂದರೆ ಕಂಪನಿ ನೌಕರರು ಕಂಪನಿ ತಂಡಕ್ಕೆ ಆಡುವ ಆಟ. ಬೇಸ್‌ಬಾಲ್ ಮುಂದೆ ಅದನ್ನು ಕೇಳುವವರಿರಲಿಲ್ಲ. ಕಜು ಸಾವೊ ಪಾಲೊದಲ್ಲಿ ಒದ್ದಾಡಿ, 1986ರಲ್ಲಿ ಸಾಂಟೋಸ್ ಕ್ಲಬ್ಬಿನ ಜೊತೆ ಕರಾರು ಮಾಡಿಕೊಂಡರು. ಪೆಲೆ ಆಡಿದ ಕ್ಲಬ್ ಅದು. 1990ರಲ್ಲಿ ಊರಿಗೆ ವಾಪಸ್ ಬಂದರು. ಮೂರು ವರ್ಷ ಕಳೆಯುವಷ್ಟರಲ್ಲಿ ಜೆ-ಲೀಗ್ ಶುರುವಾಯಿತು.

1993ರ ಮೇ 15, ಮೊದಲ ಪಂದ್ಯ. ನ್ಯಾಷನಲ್ ಸ್ಟೇಡಿಯಂನಲ್ಲಿ 59,626 ಜನ. ಆಡಿದ್ದು ವೆರ್ಡಿ ಕವಾಸಕಿ ಮತ್ತು ಯೊಕೊಹಾಮಾ ಮರಿನೋಸ್. ವೆರ್ಡಿಯಲ್ಲಿ ಕಜು, ಮರಿನೋಸ್‌ನಲ್ಲಿ ಇಹಾರಾ. ನಕಯಾಮಾ ಎಲ್ಲಿದ್ದರು? ಅವರ ಇವಾಟಾ ತಂಡಕ್ಕೆ ಮೊದಲ ಹತ್ತು ಕ್ಲಬ್ಬುಗಳಲ್ಲಿ ಜಾಗವೇ ಸಿಕ್ಕಿರಲಿಲ್ಲ. ಅವರು ಲೀಗಿಗೆ ಬಂದದ್ದು 1994ರಲ್ಲಿ. ಒಂದೇ ವರ್ಷ ತಡ, ಆದರೆ ಆ ಒಂದು ವರ್ಷದಲ್ಲಿ ಇಡೀ ದೇಶ ಫುಟ್‌ಬಾಲಿನ ಮೊದಲ ಸ್ಟಾರ್ ಯಾರು ಅಂತ ತೀರ್ಮಾನ ಮಾಡಿ ಆಗಿತ್ತು. ಕಜು 20 ಗೋಲು ಹೊಡೆದರು. ವೆರ್ಡಿ ಚಾಂಪಿಯನ್ ಆಯಿತು. ವರ್ಷದ ಆಟಗಾರ ಪ್ರಶಸ್ತಿ ತಗೊಳ್ಳಲು ಕೆಂಪು ಸೂಟು ಹಾಕಿಕೊಂಡು ವೇದಿಕೆಗೆ ಬಂದರು. ಗೋಲು ಹೊಡೆದಾಗೆಲ್ಲ ಕಾಲು ಕುಣಿಸಿ ‘ಕಜು ಡ್ಯಾನ್ಸ್’. ಸಂಕೋಚವನ್ನೇ ಮರ್ಯಾದೆ ಅಂದುಕೊಳ್ಳುವ ದೇಶಕ್ಕೆ ಇಂಥ ಬ್ರೆಜಿಲ್ ವೈಯಾರ ಹೊಸದು.

ಇನ್ನೊಂದು ಮಾತು ಇಲ್ಲಿ ಹೇಳಲೇಬೇಕು. ವೆರ್ಡಿಯ ಮಾಲೀಕರು ಯೊಮಿಯುರಿ ಸಮೂಹ. ಜಪಾನಿನ ದೊಡ್ಡ ಪತ್ರಿಕೆ ಅವರದ್ದು, ದೊಡ್ಡ ಬೇಸ್‌ಬಾಲ್ ತಂಡ ಜೈಂಟ್ಸ್ ಕೂಡ ಅವರದ್ದು, ಟಿವಿ ವಾಹಿನಿಯೂ ಅದೇ ಬಳಗದ್ದು. ಸ್ಟಾರ್ ಬೆಳೆಸುವುದು ಹೇಗೆ ಅಂತ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಟೋಕಿಯೊ ಪಕ್ಕದ ಕವಾಸಕಿಯಲ್ಲಿ ಆಡುವುದಕ್ಕೂ ಶಿಜುವೊಕಾದ ಸಣ್ಣ ಊರು ಇವಾಟಾದಲ್ಲಿ ಆಡುವುದಕ್ಕೂ ಬಹಳ ವ್ಯತ್ಯಾಸ ಇದೆ, ಅಲ್ವಾ?

ಬೆಳಕು ಹೇಗೆ ಬೀಳುತ್ತದೆ ಅನ್ನುವುದಕ್ಕೆ 1992ರ ಏಷ್ಯಾ ಕಪ್ ಒಳ್ಳೆಯ ಉದಾಹರಣೆ. ಹಿರೋಶಿಮಾದಲ್ಲಿ ನಡೆದ ಟೂರ್ನಿ. ಇರಾನ್ ವಿರುದ್ಧದ ಗುಂಪು ಪಂದ್ಯದ ಕೊನೆಯ ನಿಮಿಷಗಳಲ್ಲಿ ಕಜು ಗೋಲು ಹೊಡೆದು ತಂಡವನ್ನು ಮುಂದಕ್ಕೆ ದಾಟಿಸಿದರು. ಸೆಮಿಫೈನಲ್‌ನಲ್ಲಿ ಚೀನಾ ವಿರುದ್ಧ ಗೆಲುವಿನ ಗೋಲು ನಕಯಾಮಾ ಅವರದ್ದು. ಫೈನಲ್‌ನಲ್ಲಿ ಸೌದಿ ವಿರುದ್ಧದ ಏಕೈಕ ಗೋಲು ತಕಾಗಿ ಅವರದ್ದು. 67ರಲ್ಲಿ ಹುಟ್ಟಿದ ಮೂವರೂ ಒಂದೊಂದು ಮೆಟ್ಟಿಲು ಹತ್ತಿಸಿದರು. ಟೂರ್ನಿಯ ಶ್ರೇಷ್ಠ ಆಟಗಾರ ಪ್ರಶಸ್ತಿ ಹೋದದ್ದು ಕಜುಗೆ. ತಪ್ಪು ಅಂತ ನಾನು ಹೇಳುತ್ತಿಲ್ಲ. ಅವರಿಲ್ಲದಿದ್ದರೆ ಉಳಿದೆರಡು ಮೆಟ್ಟಿಲು ಬರುತ್ತಲೇ ಇರಲಿಲ್ಲ. ಆದರೆ ಫೈನಲ್ ಗೋಲು ಹೊಡೆದ ತಕಾಗಿಯ ಹೆಸರು ಇವತ್ತು ಜಪಾನಿನ ಹೊರಗೆ ಎಷ್ಟು ಜನಕ್ಕೆ ಗೊತ್ತು?

ಇಷ್ಟೇ ಆಗಿದ್ದರೆ ಕಜು ಒಂದು ಕಾಲದ ಸ್ಟಾರ್ ಆಗಿ ಉಳಿಯುತ್ತಿದ್ದರು. ಹಳೇ ಫೋಟೊ, ಹಳೇ ಡ್ಯಾನ್ಸ್, ಆಗಾಗ ಟಿವಿಯಲ್ಲಿ ಮುಖ. ರಾಜ ಆದದ್ದು ಗೆದ್ದದ್ದರಿಂದ ಅಂತ ನನಗೆ ಅನಿಸುವುದಿಲ್ಲ. ಸೋತ ಮೂರು ದಿನಗಳಿಂದ ಆದದ್ದು.

ಮೊದಲ ದಿನ 1993ರ ಅಕ್ಟೋಬರ್ 28, ಕತಾರಿನ ದೋಹಾ. ಇರಾಕ್ ವಿರುದ್ಧ ಗೆದ್ದರೆ ಜಪಾನ್ ಮೊದಲ ಸಲ ವಿಶ್ವಕಪ್‌ಗೆ. ಐದನೇ ನಿಮಿಷದಲ್ಲಿ ಕಜು ಗೋಲು. ಇರಾಕ್ ಸಮ ಮಾಡಿತು. ಮತ್ತೆ ನಕಯಾಮಾ ಗೋಲು, 2–1. ಆಟ ಮುಗಿಯುವ ಹೊತ್ತಿಗೆ ಒಂದು ಕಾರ್ನರ್, ಒಂದು ಹೆಡರ್, 2–2. ಜಪಾನ್ ಮನೆಗೆ. ಬದಲಿಯಾಗಿ ಹೊರಬಂದಿದ್ದ ನಕಯಾಮಾ ಬೆಂಚಿನ ಪಕ್ಕ ಕುಸಿದು ಬಿದ್ದರು. ‘ದೋಹಾದ ದುರಂತ’ ಅಂತ ಜಪಾನಿನಲ್ಲಿ ಈಗಲೂ ಕರೆಯುತ್ತಾರೆ.

ಎರಡನೆಯದು 1997ರ ನವೆಂಬರ್ 16, ಮಲೇಷ್ಯಾದ ಜೊಹೋರ್ ಬಹ್ರು. ಇರಾನ್ ವಿರುದ್ಧ ಅರ್ಹತಾ ಪ್ಲೇಆಫ್. ಮುಂದಿನ ಸಾಲಿನಲ್ಲಿ ಗೋಲು ಹೊಡೆಯುವವರು ಮತ್ತೆ ಅದೇ ಜೋಡಿ, ಕಜು ಮತ್ತು ನಕಯಾಮಾ. ನಕಯಾಮಾ ಗೋಲು ಹೊಡೆದರು. ಇರಾನ್ ಎರಡು ಹೊಡೆದು ಮುಂದೆ ಹೋಯಿತು. 63ನೇ ನಿಮಿಷದಲ್ಲಿ ಕೋಚ್ ತಕೇಶಿ ಒಕಾಡ ಇಬ್ಬರನ್ನೂ ಒಟ್ಟಿಗೆ ಹೊರಗೆ ಕರೆದರು. ಬದಲಾವಣೆ ಫಲಕ ನೋಡಿದ ಕಜು ಬೆರಳನ್ನು ತನ್ನ ಎದೆಯ ಕಡೆ ತಿರುಗಿಸಿದರು. ನಾನಾ? ಆ ಒಂದು ಸನ್ನೆ ಜಪಾನಿನಲ್ಲಿ ಎಷ್ಟೋ ಗೋಲುಗಳಿಗಿಂತ ಹೆಚ್ಚು ಸಲ ಟಿವಿಯಲ್ಲಿ ಬಂದಿದೆ. ಪಕ್ಕದಲ್ಲೇ ನಕಯಾಮಾ ಕೂಡ ಹೊರಗೆ ನಡೆಯುತ್ತಿದ್ದರು, ಅದೂ ಗೋಲು ಹೊಡೆದ ಮೇಲೆ. ಅವರನ್ನು ಯಾರೂ ನೋಡಲಿಲ್ಲ. ಜಪಾನ್ ಪಂದ್ಯ ಗೆದ್ದಿತು, ವಿಶ್ವಕಪ್‌ಗೆ ಹೋಯಿತು.

ಮೂರನೆಯದು 1998ರ ಜೂನ್ 2, ಸ್ವಿಟ್ಜರ್ಲೆಂಡಿನ ನ್ಯೋನ್. 25 ಜನರಲ್ಲಿ 22 ಜನರನ್ನು ಉಳಿಸಬೇಕಿತ್ತು. ಒಕಾಡ ಮೂವರ ಹೆಸರು ತೆಗೆದರು. ಹದಿಹರೆಯದ ಇಚಿಕಾವಾ, ಕಿಟಜಾವಾ, ಮತ್ತು ಕಜು. ವಿಶ್ವಕಪ್ ಶುರುವಾಗಲು ಎಂಟೇ ದಿನ ಇತ್ತು.

ಕೋಚ್ ಪರವಾಗಿ ಒಂದು ಮಾತು ಹೇಳಬೇಕು. ಅಂತಿಮ ಅರ್ಹತಾ ಸುತ್ತಿನ ಮೊದಲ ಪಂದ್ಯದಲ್ಲಿ ಉಜ್ಬೆಕಿಸ್ತಾನ ವಿರುದ್ಧ ಕಜು ನಾಲ್ಕು ಗೋಲು ಹೊಡೆದಿದ್ದರು. ಆಮೇಲೆ ಆ ಸುತ್ತಿನಲ್ಲಿ ಗೋಲೇ ಬರಲಿಲ್ಲ. ವಯಸ್ಸು 31. ಅದೇ ಹೊತ್ತಿಗೆ ನಕಯಾಮಾ ಏಪ್ರಿಲಿನಲ್ಲಿ ನಾಲ್ಕು ಹ್ಯಾಟ್ರಿಕ್ ಹೊಡೆದು ಬೆಂಕಿಯಂತಿದ್ದರು. ಆಟದ ಲೆಕ್ಕದಲ್ಲಿ ಒಕಾಡ ತಪ್ಪು ಮಾಡಿದರು ಅಂತ ಖಚಿತವಾಗಿ ಹೇಳುವುದು ಕಷ್ಟ. ಆದರೆ ಜನರ ಲೆಕ್ಕ ಬೇರೆ. ಕಜು ಕೂದಲಿಗೆ ಹೊಂಬಣ್ಣ ಹಚ್ಚಿಕೊಂಡು ವಿಮಾನ ಇಳಿದರು. ಪತ್ರಕರ್ತರ ಮುಂದೆ ಕೂತು, ರಾಷ್ಟ್ರೀಯ ತಂಡದ ಆಟಗಾರನ ಹೆಮ್ಮೆ ಮತ್ತು ಆತ್ಮವನ್ನು ಅಲ್ಲೇ ಬಿಟ್ಟು ಬಂದಿದ್ದೇನೆ ಅನ್ನುವ ಅರ್ಥದ ಮಾತು ಹೇಳಿದರು. ಯಾರನ್ನೂ ಬೈಯಲಿಲ್ಲ.

ಜಪಾನ್ ಮೂರೂ ಪಂದ್ಯ ಸೋತಿತು. ಜೂನ್ 26ರಂದು ಲಿಯೋನ್‌ನಲ್ಲಿ ಜಮೈಕಾ ವಿರುದ್ಧ ನಕಯಾಮಾ ಆ ಐತಿಹಾಸಿಕ ಗೋಲು ಹೊಡೆದರು. ಅದೇ ಪಂದ್ಯದಲ್ಲಿ ಕಾಲಿನ ಮೂಳೆ ಮುರಿಯಿತು. ಮುರಿದ ಕಾಲಲ್ಲೇ ಪಂದ್ಯ ಮುಗಿಸಿದರು. ಇದಕ್ಕಿಂತ ದೊಡ್ಡ ವೀರಗಾಥೆ ಬೇಕಾ? ಜಪಾನಿಗರು ನಕಯಾಮಾರನ್ನು ಪ್ರೀತಿಸುತ್ತಾರೆ, ಅದರಲ್ಲಿ ಅನುಮಾನ ಇಲ್ಲ. ‘ಗೋನ್’ ಅಂತ ಮುದ್ದಿನ ಹೆಸರು ಇದೆ. ಟಿವಿಯಲ್ಲಿ ನಗಿಸುತ್ತಾರೆ. ಆದರೆ ಅವರ ಕಥೆ ಲಿಯೋನ್‌ನಲ್ಲಿ ಪೂರ್ತಿಯಾಯಿತು. ದೋಹಾದಲ್ಲಿ ಕುಸಿದು ಬಿದ್ದವನು ಐದು ವರ್ಷದ ನಂತರ ವಿಶ್ವಕಪ್‌ನಲ್ಲಿ ಗೋಲು ಹೊಡೆದ. ಕೇಳಿದವರು ನಿಟ್ಟುಸಿರು ಬಿಟ್ಟು ಮನೆಗೆ ಹೋಗಬಹುದು.

ಕಜು ಕಥೆ ಕೇಳಿದವರಿಗೆ ಮನೆಗೆ ಹೋಗಲು ಆಗುವುದಿಲ್ಲ. ಜಪಾನಿನ ಜನಕ್ಕೆ ಅವರ ಬಗ್ಗೆ ಏನೋ ಬಾಕಿ ಉಳಿದಿದೆ ಅನ್ನುವ ಭಾವನೆ. ಫುಟ್‌ಬಾಲನ್ನು ಬೀದಿಗೆ ತಂದವನನ್ನೇ ನಾವು ಜಾತ್ರೆಯ ಹಿಂದಿನ ದಿನ ವಾಪಸ್ ಕಳಿಸಿದೆವಲ್ಲ ಅಂತ. ಕಜು ಆಟ ಬಿಟ್ಟಿದ್ದರೆ ಆ ಬಾಕಿ ಮೆಲ್ಲಗೆ ಮರೆತುಹೋಗುತ್ತಿತ್ತು. ಅವರು ಬಿಡಲೇ ಇಲ್ಲ.

ಇಲ್ಲಿಂದ ಮುಂದೆ ವಾರಿಗೆಯವರ ದಾರಿ ಬೇರೆಯಾಯಿತು. ಅವರೆಲ್ಲ ಕೋಚ್ ಆದರು. ತಕಾಗಿ 2006ರಲ್ಲಿ ಯೊಕೊಹಾಮಾ ಎಫ್‌ಸಿ ತಂಡದ ಕೋಚ್. ಆ ತಂಡದ ಆಟಗಾರ ಯಾರು? ಕಜು. ಒಂದು ಕಾಲದ ಜೊತೆಗಾರ ಈಗ ಮೇಷ್ಟ್ರು, ಇವರು ಇನ್ನೂ ವಿದ್ಯಾರ್ಥಿ. ಆ ವರ್ಷ ಎರಡನೇ ಹಂತದ ಲೀಗ್ ಗೆದ್ದು ಮೇಲಕ್ಕೂ ಹೋದರು. ಅಲ್ಲಿಗೆ ಮುಗಿಯಲಿಲ್ಲ. 2017ರ ಮಾರ್ಚ್ 5ರಂದು, 50 ವರ್ಷ 7 ದಿನದ ಕಜು ಕಣಕ್ಕಿಳಿದು ಇಂಗ್ಲೆಂಡಿನ ಸ್ಟ್ಯಾನ್ಲಿ ಮ್ಯಾಥ್ಯೂಸ್ ಅವರ ಹೆಸರಲ್ಲಿದ್ದ, ವೃತ್ತಿಪರ ಲೀಗ್ ಪಂದ್ಯ ಆಡಿದ ಅತಿ ಹಿರಿಯ ಆಟಗಾರನ ದಾಖಲೆ ದಾಟಿದರು. ಎದುರಾಳಿ ತಂಡ ವಿ-ವಾರೆನ್ ನಾಗಾಸಾಕಿ. ಅದರ ಕೋಚ್ ಮತ್ತೆ ತಕಾಗಿ! ಅದಾಗಿ ಒಂದು ವಾರಕ್ಕೆ ಗುನ್ಮಾ ತಂಡದ ವಿರುದ್ಧ ಕಜು ಗೋಲು ಹೊಡೆದರು, ಕಾಲು ಕುಣಿಸಿದರು.

ಜಪಾನಿ ಭಾಷೆಯಲ್ಲಿ ‘ಗೆನ್‌ಎಕಿ’ ಅನ್ನುವ ಪದ ಇದೆ. ಸೇವೆಯಲ್ಲಿ ಇರುವವನು, ಇನ್ನೂ ಕೆಲಸ ಮಾಡುತ್ತಿರುವವನು ಅಂತ ಅರ್ಥ. ಆ ಪದಕ್ಕೆ ಅಲ್ಲಿ ತೂಕ ಜಾಸ್ತಿ. ಮಾಜಿ ಸ್ಟಾರ್‌ಗಳು ನೂರಾರು ಜನ, ಟಿವಿ ತುಂಬ ಅವರೇ. ಗೆನ್‌ಎಕಿ ಆಗಿ ಉಳಿದವನು ಒಬ್ಬನೇ. ಕಜು ಎಂದೂ ‘ಮಾಜಿ’ ಆಗಲಿಲ್ಲ, ಹಾಗಾಗಿ ಹಳೆಯ ನೆನಪಿನ ಕಪಾಟಿಗೆ ಸೇರಲಿಲ್ಲ. ಇದು ಗೊತ್ತಿದ್ದೇ ಯೊಕೊಹಾಮಾ ಎಫ್‌ಸಿ ಅದರಿಂದ ಒಂದು ಹಬ್ಬ ಮಾಡಿತು. ಕಜು ಜರ್ಸಿ ಸಂಖ್ಯೆ 11. ಕರಾರು ನವೀಕರಣದ ಸುದ್ದಿಯನ್ನು ಕ್ಲಬ್ ಜನವರಿ 11ರ ಬೆಳಗ್ಗೆ 11 ಗಂಟೆ 11 ನಿಮಿಷಕ್ಕೆ ಪ್ರಕಟಿಸುತ್ತಿತ್ತು.

ಇಲ್ಲಿ ಟೀಕೆ ಮಾಡುವವರ ಮಾತೂ ಕೇಳಬೇಕು. ಇವರು ಆಟಗಾರನೋ, ಉತ್ಸವ ಮೂರ್ತಿಯೋ? ಈ ಅನುಮಾನ ಹೊಸದಲ್ಲ. 1994ರಲ್ಲಿ ಕಜು ಇಟಲಿಯ ಜಿನೋವಾ ಸೇರಿ, ಅಲ್ಲಿನ ಮೊದಲ ಹಂತದ ಲೀಗ್ ಸೀರಿ ಎ ಆಡಿದ ಮೊದಲ ಜಪಾನಿ ಆದಾಗಲೇ, ಜಪಾನಿ ಕಂಪನಿಯ ಪ್ರಾಯೋಜಕತ್ವದ ಜೊತೆ ಬಂದವನು ಅಂತ ಅಲ್ಲಿ ಗೊಣಗಿದ್ದರು. ಮೊದಲ ಪಂದ್ಯದಲ್ಲೇ ಮಿಲಾನ್‌ನ ಡಿಫೆಂಡರ್ ಬರೇಸಿಗೆ ಡಿಕ್ಕಿ ಹೊಡೆದು ಮೂಗಿಗೆ ಏಟು. ಇಡೀ ಋತುವಿಗೆ ಒಂದೇ ಗೋಲು, ಅದು ಸ್ಥಳೀಯ ಎದುರಾಳಿ ಸಾಂಪ್‌ಡೋರಿಯಾ ವಿರುದ್ಧ ಬಂತು ಅನ್ನುವುದೊಂದೇ ಸಮಾಧಾನ. ಇನ್ನು 2021ರಲ್ಲಿ ಮೊದಲ ಹಂತದ ಲೀಗಿನಲ್ಲಿ ಕಜು ಆಡಿದ್ದು ಒಂದೇ ಪಂದ್ಯ, ಅದೂ ಕೊನೆಯ ಗಳಿಗೆಯಲ್ಲಿ ಬದಲಿಯಾಗಿ. ಆ ಜಾಗದಲ್ಲಿ 18 ವರ್ಷದ ಹುಡುಗನೊಬ್ಬ ಇರಬಹುದಿತ್ತಲ್ಲ ಅನ್ನುವ ಪ್ರಶ್ನೆ ನ್ಯಾಯವಾದದ್ದೇ. 50 ದಾಟಿದ ಮೇಲಿನ ಕಜು ಅವರನ್ನು ಫುಟ್‌ಬಾಲಿನ ಅಳತೆಗೋಲಿನಲ್ಲಿ ಸಮರ್ಥಿಸಲು ನನ್ನ ಕೈಲಂತೂ ಆಗುವುದಿಲ್ಲ. ಟಿಕೆಟ್ ಲೆಕ್ಕದಲ್ಲಿ ಸಮರ್ಥಿಸಬಹುದು. ಎರಡೂ ಒಂದೇ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಆದರೆ ಟೀಕೆಯೇ ಅವರ ಜನಪ್ರಿಯತೆಗೆ ಗೊಬ್ಬರ ಆಗುತ್ತದೆ. 2015ರಲ್ಲಿ ಹಳೇ ಬೇಸ್‌ಬಾಲ್ ದಿಗ್ಗಜ ಇಸಾವೊ ಹರಿಮೊಟೊ ಟಿವಿಯಲ್ಲಿ ಕೂತು, ಕಜು ಇನ್ನು ನಿವೃತ್ತಿ ಆಗಲಿ, ಕಿರಿಯರಿಗೆ ದಾರಿ ಬಿಡಲಿ ಅಂದರು. ಅಭಿಮಾನಿಗಳು ಕೆಂಡಾಮಂಡಲ. ಕಜು ಮಾತ್ರ, ಇನ್ನೂ ಚೆನ್ನಾಗಿ ಆಡು ಅಂತ ಅವರು ಹೇಳುತ್ತಿದ್ದಾರೆ ಅಂತ ತಗೊಂಡಿದ್ದೇನೆ ಅಂದುಬಿಟ್ಟರು. ಕೊನೆಗೆ ಹರಿಮೊಟೊ ಅವರೇ ಮೆಚ್ಚಿ ಮಾತಾಡಬೇಕಾಯಿತು.

ಇದಕ್ಕೆ ಹಿಂದೆ 2011ರ ಮಾರ್ಚ್ 29 ಇದೆ. ಭೂಕಂಪ, ಸುನಾಮಿ ಆಗಿ ಮೂರು ವಾರವೂ ಆಗಿರಲಿಲ್ಲ. ಒಸಾಕಾದಲ್ಲಿ ರಾಷ್ಟ್ರೀಯ ತಂಡಕ್ಕೂ ಜೆ-ಲೀಗ್ ಆಟಗಾರರಿಗೂ ಪರಿಹಾರ ನಿಧಿಯ ಪಂದ್ಯ. 44 ವರ್ಷದ ಕಜು ಬದಲಿಯಾಗಿ ಬಂದು 82ನೇ ನಿಮಿಷದಲ್ಲಿ ಗೋಲು ಹೊಡೆದರು. ಇಂಥ ಸಮಯದಲ್ಲಿ ಕುಣಿಯಬಹುದಾ? ಅವರು ಕುಣಿದರು. ಯಾರೂ ತಪ್ಪು ಅನ್ನಲಿಲ್ಲ. ಎಷ್ಟೋ ದಿನದ ನಂತರ ದೇಶ ಒಂದು ಕ್ಷಣ ನಕ್ಕಿತು. ರಾಷ್ಟ್ರೀಯ ತಂಡದ ಆತ್ಮವನ್ನು ಸ್ವಿಟ್ಜರ್ಲೆಂಡಿನಲ್ಲಿ ಬಿಟ್ಟುಬಂದವರು, ಅದೇ ತಂಡದ ವಿರುದ್ಧ ಗೋಲು ಹೊಡೆದು ದೇಶಕ್ಕೆ ನಗು ಕೊಟ್ಟರು. ಹದಿನಾಲ್ಕು ವರ್ಷ ಕಳೆದು ಅವರು ಅದೇ ದುರಂತದಲ್ಲಿ ನಲುಗಿದ ಫುಕುಶಿಮಾದ ಕ್ಲಬ್ ಆರಿಸಿಕೊಂಡಾಗ ಜನಕ್ಕೆ ಆ ಸಂಜೆ ನೆನಪಾಗದೇ ಇರುತ್ತದಾ?

ನಂತರದ ಪೀಳಿಗೆಯಲ್ಲಿ ಕಜು ಅವರಿಗಿಂತ ದೊಡ್ಡ ಆಟಗಾರರು ಬಂದರು. ಹಿದೆತೋಶಿ ನಕಾಟಾ 2001ರಲ್ಲಿ ರೋಮಾ ಜೊತೆ ಇಟಲಿಯ ಲೀಗ್ ಗೆದ್ದರು, ಮೂರು ವಿಶ್ವಕಪ್ ಆಡಿದರು. 2006ರಲ್ಲಿ, 29ನೇ ವಯಸ್ಸಿಗೆ, ಸಾಕು ಅಂತ ಹೊರಟುಬಿಟ್ಟರು. ಕಜುಗೆ ಇದಕ್ಕಿಂತ ವಿರುದ್ಧವಾದ ಮನುಷ್ಯ ಸಿಗುವುದಿಲ್ಲ. ಈಗಿನ ಮಿಟೋಮಾ, ಕುಬೊ, ಎಂಡೊ ಎಲ್ಲ ಯುರೋಪಿನಲ್ಲಿ. ಅವರ ಎಷ್ಟೋ ಪಂದ್ಯ ಜಪಾನಿನಲ್ಲಿ ಮಧ್ಯರಾತ್ರಿಗೆ, ನಸುಕಿಗೆ, ದುಡ್ಡು ಕಟ್ಟಿದ ಆ್ಯಪ್‌ಗಳಲ್ಲಿ ಬರುತ್ತದೆ. 1998ರ ವಿಶ್ವಕಪ್ ತಂಡದ 22 ಜನರೂ ಊರಲ್ಲೇ ಆಡುವವರಾಗಿದ್ದರು. 2022ರ ತಂಡದಲ್ಲಿ ಹೆಚ್ಚಿನವರು ಯುರೋಪಿನಲ್ಲಿ ಆಡುವವರು. ಆಟ ಮೇಲಕ್ಕೆ ಹೋಯಿತು, ಆಟಗಾರ ದೂರ ಹೋದ. ಸುಜುಕಾದಲ್ಲೋ ಫುಕುಶಿಮಾದಲ್ಲೋ ಶನಿವಾರ ಮಧ್ಯಾಹ್ನ ಮಗುವಿನ ಕೈ ಹಿಡಿದು ಹೋಗಿ ಕಣ್ಣಾರೆ ನೋಡಬಹುದಾದ ಸ್ಟಾರ್ ಯಾರು ಅಂದರೆ, ಇನ್ನೂ ಕಜು.

ನಕಯಾಮಾ ಕೂಡ ಸುಮ್ಮನೆ ಬಿಡಲಿಲ್ಲ, ಗೊತ್ತಾ? ಮಂಡಿ ಹಾಳಾದರೂ ಸಪ್ಪೊರೊದಲ್ಲಿ 2012ರ ತನಕ ಎಳೆದರು. 45 ವರ್ಷ 2 ತಿಂಗಳಿಗೆ ಮೊದಲ ಹಂತದ ಲೀಗಿನಲ್ಲಿ ಆಡಿದ ಅತಿ ಹಿರಿಯ ಆದರು. ಆಗಲೂ ನಿವೃತ್ತಿ ಅನ್ನುವ ಪದ ಬಳಸಲಿಲ್ಲ. 2015ರಲ್ಲಿ, 47 ದಾಟಿ ತಿಂಗಳುಗಳಾದ ಮೇಲೆ, ನುಮಾಜು ಅನ್ನುವ ಸಣ್ಣ ಕ್ಲಬ್ಬಿಗೆ ಆಟಗಾರನಾಗಿ ಸೇರಿ ಐದಾರು ವರ್ಷ ಅಭ್ಯಾಸ ಮಾಡಿದರು. ಲೀಗ್ ಪಂದ್ಯಕ್ಕೆ ಇಳಿಯುವ ಅವಕಾಶ ಬರಲೇ ಇಲ್ಲ. ಆಮೇಲೆ ಅದೇ ಕ್ಲಬ್ಬಿನ ಕೋಚ್ ಆದರು. ಕಜು ಮಾಡಿದ ಹಟವನ್ನೇ ಅವರೂ ಮಾಡಿದರು. ಯಾರೂ 11 ಗಂಟೆ 11 ನಿಮಿಷಕ್ಕೆ ಕಾಯಲಿಲ್ಲ.

2020ರ ಸೆಪ್ಟೆಂಬರ್ 23ರಂದು ಕವಾಸಕಿಯಲ್ಲಿ ಯೊಕೊಹಾಮಾ ಎಫ್‌ಸಿ ಪಂದ್ಯ ಇತ್ತು. 53 ವರ್ಷದ ಕಜು ನಾಯಕನ ಪಟ್ಟಿ ಕಟ್ಟಿಕೊಂಡು ಮೊದಲ ಹನ್ನೊಂದರಲ್ಲೇ ಇಳಿದರು. ತಂಡ 3–2ರಿಂದ ಸೋತಿತು. ಮೊದಲ ಹಂತದ ಲೀಗಿನ ಅತಿ ಹಿರಿಯ ಆಟಗಾರನ ದಾಖಲೆ ಮಾತ್ರ ಅವತ್ತು ಕೈ ಬದಲಾಯಿಸಿತು. ಕಜು ಅದನ್ನು ಕಸಿದುಕೊಂಡದ್ದು ನಕಯಾಮಾ ಅವರಿಂದ.